ನಲವತ್ತೊಂದು ಪರ್ಸೆಂಟ್

ತಿರುವಿನಲ್ಲಿ ಕಾರು ನಿಲ್ಲಿಸಿ ಪರದೆ ನೋಡಿದೆ. ನಲವತ್ತೊಂದು.

"ಎಷ್ಟು?" ಪಕ್ಕದ ಸೀಟಿನಿಂದ ಭಾವ, ನನ್ನ ಗಂಡನ ಅಣ್ಣ, ಕೇಳಿದರು. ಪರದೆ ಅವರಿಗೂ ಕಾಣುತ್ತಿತ್ತು.

"ನಲವತ್ತೊಂದು."

ಅವರು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಅಂಕೆ ಬದಲಾಗಲಿಲ್ಲ.

ನಾಲ್ಕು ತಿಂಗಳ ಹಿಂದೆ ಇದೇ ತಿರುವಿನಲ್ಲಿ, ಇದೇ ಮಾದರಿಯ ಕಾರಿನಲ್ಲಿ, ನನ್ನ ಗಂಡನ ಪರದೆಯ ಮೇಲೆ ಸೊನ್ನೆ ಇತ್ತು. ಕಾರು ಕೆಟ್ಟಿರಲಿಲ್ಲ. ಚಾರ್ಜ್ ಮುಗಿದು ನಿಂತಿತ್ತು. ಅವನು ಇಳಿದು ಕಾರಿನ ಹಿಂದೆ ನಿಂತು, ಬರುವ ವಾಹನಗಳಿಗೆ ಕೈ ತೋರಿಸುತ್ತಿದ್ದನಂತೆ. ಸಂಜೆ ಐದೂವರೆ. ಮಂಜು. ಮರಳಿನ ಲಾರಿಯವನಿಗೆ ಕೈ ಕಾಣಲಿಲ್ಲ.

ಇನ್ಶೂರೆನ್ಸ್ ಸಾಹೇಬರ ವರದಿಯಲ್ಲಿ ಇದೆಲ್ಲ ಒಂದೇ ಸಾಲು. ಚಾಲಕರು ಸಾಕಷ್ಟು ಚಾರ್ಜ್ ಇಲ್ಲದೆ ಏರುರಸ್ತೆಗೆ ಹೊರಟದ್ದೇ ಅಪಘಾತಕ್ಕೆ ಕಾರಣ.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಆ ಕಾರು ಗುಜರಿಗೆ ಹೋಗುತ್ತದೆ. ಅದರ ಸೀಟಿನಡಿ ಅಂಗೈಯಗಲದ ಒಂದು ಪೆಟ್ಟಿಗೆಯಿದೆ. ಯಾವ ಗಂಟೆಗೆ ಎಷ್ಟು ಚಾರ್ಜ್ ಬಂತು, ಎಷ್ಟು ಹೋಯಿತು, ಎಲ್ಲ ಅದರಲ್ಲಿರುತ್ತದೆ. ಅದನ್ನು ತೆರೆಸಬೇಕಾದರೆ ವರದಿಯ ಮೇಲೆ ಆಕ್ಷೇಪ ಹಾಕಬೇಕು. ಆಕ್ಷೇಪಕ್ಕೆ ಒಂದು ಆಧಾರ ಬೇಕು. ಮತ್ತು ಮಾಲೀಕರ ಸಹಿ. ಮನೆಗೆ ಎರಡೂ ಕಾರು ಒಂದೇ ದಿನ ಬಂದವು; ಎರಡೂ ಭಾವನ ಹೆಸರಿನಲ್ಲಿವೆ. ಆಧಾರ ತಂದುಕೊಡು, ಸಹಿ ನನ್ನದು ಎಂದು ಭಾವ ಹೇಳಿದ್ದರು. ತಮ್ಮ ಕಾರನ್ನೇ ಕೊಟ್ಟು, ಜೊತೆಗೂ ಬಂದಿದ್ದರು.

"ಆಯ್ತಲ್ಲಮ್ಮ," ಎಂದರು ಈಗ. "ಅವನ ಪ್ಲಾನ್ ಸರಿಯಿತ್ತು ಅಂತ ಗೊತ್ತಾಯ್ತು. ಇಲ್ಲಿಂದ ನಾನೂರು ಮೀಟರ್ ಹತ್ತಿದ್ರೆ ಆಮೇಲೆ ಬರೀ ಇಳಿಜಾರು. ಕೆಳಗೆ ದೊಡ್ಡ ಸ್ಟೇಷನ್ ಇದೆ. ಅಲ್ಲಿ ಚಾರ್ಜ್ ಮಾಡ್ಕೊಂಡು, ಊಟ ಮಾಡಿ, ಆ ಕಡೆ ರಸ್ತೆಯಿಂದಲೇ ಮನೆಗೆ ಹೋಗೋಣ."

"ಪ್ಲಾನ್ ಸರಿಯಿತ್ತು ಅನ್ನೋದು ನನಗೆ ಮೊದಲೇ ಗೊತ್ತಿತ್ತು ಭಾವ."

"ಮತ್ತೆ?"

"ಟೈರ್ ಅಂಗಡಿಯಿಂದ ಎಂಬತ್ತೆಂಟರಲ್ಲಿ ಹೊರಟರೆ ಇಲ್ಲಿ ನಲವತ್ತೊಂದು ಉಳಿಯುತ್ತೆ. ಅವನು ಎಂಬತ್ತೆಂಟರಲ್ಲೇ ಹೊರಟನಾ ಅಂತ ಕೇಳಬೇಕು."

"ಯಾರನ್ನ ಕೇಳ್ತೀಯ?"

"ಟೈರ್ ಅಂಗಡಿಯವರನ್ನ."

ಭಾವ ಕಿಟಕಿಯ ಆಚೆ ನೋಡಿದರು. ರಸ್ತೆಯಂಚಿನ ಕಲ್ಲಿನ ಮೇಲೆ ಯಾರೋ ಸುಣ್ಣದಲ್ಲಿ ಬರೆದ ಗುರುತು ಇನ್ನೂ ಇತ್ತು, ಪೊಲೀಸರು ಅಳತೆಗೆ ಹಾಕಿದ್ದು.

"ತೊಂಬತ್ತನಾಲ್ಕು ಕಿಲೋಮೀಟರ್ ವಾಪಸ್ಸು," ಎಂದರು. "ಅಮ್ಮ ಕಾಯ್ತಾ ಕೂತಿರ್ತಾಳೆ."

ನಾನು ಕಾರು ತಿರುಗಿಸಿದೆ. ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ನಾಲ್ಕು ತಿಂಗಳಲ್ಲಿ ನನ್ನ ಕೈಯಲ್ಲಿದ್ದದ್ದು ಅದೊಂದೇ ಇರಬೇಕು.

*

ನನ್ನ ಗಂಡನನ್ನು ಸ್ನೇಹಿತರು ಪರ್ಸೆಂಟ್ ಎಂದು ಕರೆಯುತ್ತಿದ್ದರು.

ಇನ್ನೂರು ಕಿಲೋಮೀಟರ್ ದಾಟುವ ಯಾವ ಪ್ರಯಾಣಕ್ಕೂ ಅವನು ಮೂರು ದಿನ ಮೊದಲೇ ಕೂರುತ್ತಿದ್ದ. ಹರಿದ ಕ್ಯಾಲೆಂಡರಿನ ಹಿಂಬದಿ, ಅಡಿಪಟ್ಟಿ, ಪೆನ್ಸಿಲ್. ಎಲ್ಲಿ ನಿಲ್ಲಬೇಕು, ತಲುಪುವಾಗ ಎಷ್ಟು ಪರ್ಸೆಂಟ್, ಹೊರಡುವಾಗ ಎಷ್ಟು, ಆ ಸ್ಟೇಷನ್ ಕೈಕೊಟ್ಟರೆ ಹತ್ತಿರದ ಬದಲಿ ಯಾವುದು. ಎಲ್ಲೂ ಇಪ್ಪತ್ತಕ್ಕಿಂತ ಕೆಳಗಿಳಿಯುವಂತಿಲ್ಲ. ಎಲೆಕ್ಟ್ರಿಕ್ ಕಾರು ಕೊಂಡ ಪರಿಚಯದವರೆಲ್ಲ ಪ್ಲಾನ್ ಬರೆಸಿಕೊಳ್ಳಲು ನಮ್ಮ ಮನೆಗೆ ಬರುತ್ತಿದ್ದರು. ಅವನು ಗಂಭೀರವಾಗಿ ಕೇಳುತ್ತಿದ್ದ: "ನಿಮ್ಮತ್ತೆ ಎಷ್ಟು ತೂಕ?" ಅವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಏರಿನಲ್ಲಿ ಅತ್ತೆಯಂದಿರ ತೂಕ ಲೆಕ್ಕಕ್ಕೆ ಬರುತ್ತದೆ.

ನನ್ನ ಕೆಲಸ ಫೋನ್ ಮಾಡುವುದು. ಮೊಬೈಲಿನ ನಕ್ಷೆಯಲ್ಲಿ ಸ್ಟೇಷನ್ನುಗಳೆಲ್ಲ ಸದಾ ಹಸಿರಾಗಿ ಕಾಣುತ್ತವೆ. ಯಂತ್ರಕ್ಕೆ ಜೀವ ಇದೆಯೋ ಇಲ್ಲವೋ, ಅದರ ಮುಂದೆ ಟ್ರ್ಯಾಕ್ಟರ್ ನಿಂತಿದೆಯೋ ಎಂದು ಅಲ್ಲಿರುವ ಮನುಷ್ಯರೇ ಹೇಳಬೇಕು. ಹಿಂದಿನ ದಿನ ಒಂದೊಂದಕ್ಕೂ ಫೋನ್ ಮಾಡಿ, ಕೇಳಿ, ಪ್ಲಾನಿನ ಪಕ್ಕ ಸರಿ ಗುರುತು ಹಾಕುತ್ತಿದ್ದೆ. ಆಮೇಲೆ ಅದರ ಫೋಟೋ ತೆಗೆದು ಭಾವನಿಗೆ ಕಳಿಸುತ್ತಿದ್ದೆ. ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ ಎಂದು.

ಆ ಸಲದ ಪ್ಲಾನಿನಲ್ಲಿ ಮೂರು ಸ್ಟೇಷನ್. ಕೊನೆಯ ಸಾಲು: ಎರಡು ಗಂಟೆ, ವಕೀಲರು. ಯಾವ ವಕೀಲರು, ಯಾಕೆ ಎಂದು ಕೇಳಿದ್ದೆ. "ಬಂದು ಹೇಳ್ತೀನಿ" ಅಂದಿದ್ದ.

ಮೊದಲನೆಯ ಸ್ಟೇಷನ್ ಟೈರ್ ಅಂಗಡಿ. ಫೋನ್ ಹನ್ನೊಂದು ಸಲ ರಿಂಗಾಯಿತು. ಯಾರೂ ತೆಗೆಯಲಿಲ್ಲ. ಆಮೇಲೆ ಮಾಡೋಣ ಎಂದು ಸರಿ ಗುರುತು ಹಾಕಿದೆ. ಆಮೇಲೆ ಮಾಡಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿಲ್ಲ. ಅಲ್ಲಿ ಯಂತ್ರ ಕೆಟ್ಟಿತ್ತು, ಅವನು ಬೇರೆಲ್ಲೋ ಅರ್ಧಂಬರ್ಧ ಚಾರ್ಜ್ ಮಾಡಿಕೊಂಡು ಹೊರಟ, ತಿರುವಿನಲ್ಲಿ ನಿಂತ. ನಾಲ್ಕು ತಿಂಗಳಿಂದ ದಿನಾ ಏಳುವಾಗ ಈ ಸಾಲು ನನಗಿಂತ ಮೊದಲು ಎದ್ದಿರುತ್ತದೆ.

*

ಇಳಿಜಾರಿನಲ್ಲಿ ಕಾರು ಹೆಚ್ಚು ತಿನ್ನುವುದಿಲ್ಲ. ಮೂವತ್ತೊಂಬತ್ತು. ಮೂವತ್ತೆಂಟು.

"ಅಂಗಡಿಯವಳು ಏನು ಹೇಳ್ತಾಳೆ?" ಭಾವ ಕೇಳಿದರು. "ನಾಲ್ಕು ತಿಂಗಳ ಹಿಂದಿನದು. ನಿನ್ನೆ ಯಾರು ಬಂದ್ರು ಅಂದ್ರೇನೇ ಅವರಿಗೆ ನೆನಪಿರಲ್ಲ."

"ಕೇಳಿ ನೋಡೋದು."

"ಯಂತ್ರ ಕೆಟ್ಟಿತ್ತು ಅಂದುಬಿಟ್ರೆ?"

ಮುಂದಿನ ತಿರುವಿಗೆ ನಾನು ವೇಗ ಇಳಿಸಿದೆ.

"ಅಲ್ಲಮ್ಮ, ಯಂತ್ರ ಕೆಟ್ಟಿದ್ರೆ ನಿನಗೆ ಮೊದಲೇ ಗೊತ್ತಿರ್ತಿತ್ತು. ನೀನು ಫೋನ್ ಮಾಡಿದ್ದೆ ತಾನೆ?"

"ಮಾಡಿದ್ದೆ."

"ಯಾರು ತೆಗೆದಿದ್ರು?"

"ನೆನಪಿಲ್ಲ."

ಅವರು ನನ್ನ ಕಡೆ ತಿರುಗಿ ನೋಡಿದರು. ತುಂಬ ಹೊತ್ತು. ಆ ನೋಟದಲ್ಲಿ ಕನಿಕರವಿತ್ತು. ನನಗೆ ಅದು ಕನಿಕರವೆಂದೇ ಕಂಡಿತು.

"ಹೋಗಲಿ ಬಿಡು," ಎಂದರು. "ಕೆಲವು ವಿಷಯ ಕೆದಕಿದಷ್ಟೂ ನಮ್ಮ ಮೈಮೇಲೇ ಬೀಳುತ್ತೆ. ನಾನಿದೀನಿ, ಅಮ್ಮ ಇದ್ದಾಳೆ. ನಿನ್ನ ಯಾರಾದ್ರೂ ಏನಾದ್ರೂ ಅಂದ್ರಾ?"

ಯಾರೂ ಏನೂ ಅಂದಿರಲಿಲ್ಲ.

ಬೆಳಿಗ್ಗೆ ಬರುವಾಗಲೂ ನಾವು ಟೈರ್ ಅಂಗಡಿಯಲ್ಲಿ ನಿಂತಿರಲಿಲ್ಲ. ಅದಕ್ಕೆ ಬದಲಿ ಎಂದು ಗಂಡ ಬರೆದಿದ್ದ ಸ್ಟೇಷನ್ ಮನೆ ಕಡೆಯಿಂದ ಬಂದರೆ ಆರು ಕಿಲೋಮೀಟರ್ ಮೊದಲೇ ಸಿಗುತ್ತದೆ. ಅಲ್ಲೇ ಚಾರ್ಜ್ ಮಾಡೋಣ, ಬೇಗ ಆಗುತ್ತೆ ಎಂದು ಭಾವ ಹೇಳಿದ್ದರು. ಟೈರ್ ಅಂಗಡಿಯ ಮುಂದೆ ಹಾದುಹೋಗುವಾಗ ಪರದೆ ಸರಿಯಾಗಿ ಎಂಬತ್ತೆಂಟು ತೋರಿಸುವಂತೆ ಲೆಕ್ಕ ಹಾಕಿದ್ದೂ ಅವರೇ. ತಮ್ಮನ ವಿದ್ಯೆ ಅಣ್ಣನಿಗೂ ಬಂದಿದೆ ಎಂದುಕೊಂಡಿದ್ದೆ.

*

ಟೈರ್ ಅಂಗಡಿ ತಲುಪಿದಾಗ ಇಪ್ಪತ್ತೆರಡು.

ಹೊರಗೆ ಆಳೆತ್ತರ ಪೇರಿಸಿದ ಹಳೆಯ ಟೈರುಗಳು. ಪಂಕ್ಚರ್ ನೋಡುವ ನೀರಿನ ತೊಟ್ಟಿ. ತಗಡಿನ ಮಾಡಿನ ಕೆಳಗೆ ಚಾರ್ಜಿಂಗ್ ಯಂತ್ರ. ಅದರ ಪರದೆಗೆ ಧೂಳು ಕೂರದಿರಲೆಂದು ಪ್ಲಾಸ್ಟಿಕ್ ಹೊದಿಸಿ ದಾರ ಕಟ್ಟಿದ್ದರು. ಯಂತ್ರ ಕೊಟ್ಟ ಕಂಪನಿ ಬಾಗಿಲು ಹಾಕಿ ವರ್ಷವಾಗಿತ್ತು. ಹಾಗಾಗಿ ಇಲ್ಲಿನ ಲೆಕ್ಕ ಯಾವ ಕಂಪ್ಯೂಟರಿನಲ್ಲೂ ಸಿಗುತ್ತಿರಲಿಲ್ಲ.

"ನೀನು ಹೋಗಿ ಕೇಳು," ಎಂದರು ಭಾವ. "ಪ್ಲಗ್ ನಾನು ಹಾಕ್ತೀನಿ. ಸಾಹೇಬ್ರಿಗೂ ಒಂದು ಫೋನ್ ಮಾಡ್ಬೇಕು."

ನನ್ನ ಮೊಬೈಲ್ ಕಾರಿನ ಸ್ಟ್ಯಾಂಡಿನಲ್ಲೇ ಉಳಿಯಿತು. ನಕ್ಷೆಗೆಂದು ಸಿಕ್ಕಿಸಿದ್ದೆ. ಕೈಯಲ್ಲಿ ಗಂಡನ ಫೋಟೋ ಮಾತ್ರ ಇತ್ತು.

ಒಳಗೆ ಐವತ್ತರ ಆಸುಪಾಸಿನ ಹೆಂಗಸು ಸ್ಟೂಲಿನ ಮೇಲೆ ಕೂತು ಟ್ಯೂಬಿಗೆ ತೇಪೆ ಉಜ್ಜುತ್ತಿದ್ದಳು. ಮೊಣಕೈವರೆಗೆ ಕಪ್ಪು. ತುರುಬಿನಲ್ಲಿ ಪೆನ್ಸಿಲ್. ಬೋರ್ಡಿನ ಮೇಲೂ ಟೈರಕ್ಕ ಎಂದೇ ಬರೆದಿತ್ತು.

"ಅಕ್ಕ, ಚಾರ್ಜ್ ಬೇಕಿತ್ತು."

"ಬೇಕಾದವರೇ ಬರೋದು ಇಲ್ಲಿಗೆ. ಬೇಡದವರು ನನ್ನ ಮುಖ ನೋಡೋಕೆ ಬರ್ತಾರಾ? ಹಾಕ್ಕೊಳ್ಳಿ. ದಾರ ಬಿಚ್ಚಿದ ಮೇಲೆ ಮತ್ತೆ ಕಟ್ಟಿ. ಯಾರೂ ಕಟ್ಟಲ್ಲ, ದೊಡ್ಡ ದೊಡ್ಡ ಕಾರಿನವರು."

"ಇವರು ಇಲ್ಲಿಗೆ ಬಂದಿದ್ರಾ ಅಂತ ಕೇಳಬೇಕಿತ್ತು."

ಫೋಟೋ ಚಾಚಿದೆ. ಅವಳು ಕೈ ಮುಟ್ಟಿಸದೆ, ಕತ್ತು ಬಾಗಿಸಿ ನೋಡಿದಳು. ನಕ್ಕಳು.

"ಓ, ಇವರಾ. ಪರ್ಸೆಂಟು. ಗೊತ್ತಾಯ್ತಾ ಅವರಿಗೆ ಆಮೇಲೆ?"

ನನಗೆ ಅರ್ಥವಾಗಲಿಲ್ಲ.

"ತುಂಬ ಬೈದ್ರಾ ನನ್ನ? ಬೈದಿರ್ತಾರೆ. ಆ ಆಟ ಗೊತ್ತಾದ ಮೇಲೆ ಯಾರು ಸುಮ್ನಿರ್ತಾರೆ? ನೀವು ಅವರ ಮನೆಯವರಾ?"

ಅವನು ಸತ್ತದ್ದು ಇವಳಿಗೆ ಗೊತ್ತಿಲ್ಲ. ಅಪಘಾತವಾದ ಜಾಗ ಬೇರೆ ಠಾಣೆಯ ಸರಹದ್ದು; ಇಲ್ಲಿಗೆ ಯಾರೂ ಬಂದು ಕೇಳಿಲ್ಲ. ನಾನೀಗ ಹೇಳಿದರೆ ಈ ನಗು ನಿಲ್ಲುತ್ತದೆ. ನಗು ನಿಂತರೆ ಮಾತೂ ನಿಲ್ಲುತ್ತದೆ.

"ಹೌದು, ಹೆಂಡತಿ," ಎಂದೆ. "ಬೈದ್ರು."

ಜೀವನದಲ್ಲಿ ಇಷ್ಟು ಸಲೀಸಾಗಿ ನಾನು ಸುಳ್ಳು ಹೇಳಿದ್ದು ಅದು ಎರಡನೇ ಸಲ. ಮೊದಲನೆಯದು ಆ ಸರಿ ಗುರುತು.

"ಕೂತ್ಕೊಳ್ಳಿ," ಅವಳು ಟೈರೊಂದನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು. "ಒಳ್ಳೆ ಮನುಷ್ಯ. ದಾರ ಮತ್ತೆ ಕಟ್ಟಿದ್ದು ಅವರೊಬ್ಬರೇ. ಗಂಟು ನೋಡಿ ನಾನೇ ಅಂದೆ, ಏನಪ್ಪ, ಹೆಂಡತಿ ಮನೇಲಿ ಚೆನ್ನಾಗಿ ಕಲಿಸಿದಾಳೆ ಅಂತ."

"ಆವತ್ತು ಯಂತ್ರ ಕೆಲಸ ಮಾಡ್ತಿತ್ತಾ ಅಕ್ಕ?"

"ಯಾಕೆ ಮಾಡಲ್ಲ? ನನ್ನ ಯಂತ್ರ ಒಂದು ದಿನ ನಿಂತಿಲ್ಲ. ಬರೆದಿಡ್ತೀನಲ್ಲ ನಾನು."

ಗೋಡೆಯ ಮೊಳೆಗೆ ದಾರದಲ್ಲಿ ನೇತುಹಾಕಿದ್ದ ರಿಜಿಸ್ಟರು ತೆಗೆದಳು. ದಿನಾಂಕ ಹೇಳಿದೆ. ಹೆಬ್ಬೆರಳಿಗೆ ಉಗುಳು ಮುಟ್ಟಿಸಿ ಪುಟ ತಿರುಗಿಸಿದಳು. ಕಪ್ಪು ಬೆರಳಚ್ಚುಗಳ ನಡುವೆ ದುಂಡು ಅಕ್ಷರ. ಹೊತ್ತು, ಗಾಡಿ ನಂಬರು, ಬಂದಾಗ ಎಷ್ಟು, ಹೋಗುವಾಗ ಎಷ್ಟು.

ಬೆಳಿಗ್ಗೆ ಏಳೂ ಇಪ್ಪತ್ತು. ನಮ್ಮ ಕಾರಿನ ನಂಬರು. ಬಂದಾಗ ಇಪ್ಪತ್ಮೂರು. ಹೋಗುವಾಗ ಎಂಬತ್ತೆಂಟು.

ಯಂತ್ರ ಕೆಟ್ಟಿರಲಿಲ್ಲ. ನನ್ನ ಫೋನಿಗೂ ಅವನ ಸಾವಿಗೂ ಸಂಬಂಧವಿರಲಿಲ್ಲ. ಎದೆಯೊಳಗೆ ಏನಾದರೂ ಸಡಿಲವಾಗುತ್ತದೆಯೇ ಎಂದು ಕಾದೆ. ಆಗಲಿಲ್ಲ. ನಾಲ್ಕು ತಿಂಗಳಲ್ಲಿ ಅದು ಅಲ್ಲೇ ಬೇರುಬಿಟ್ಟಿತ್ತು.

ಆಮೇಲೆ ಅದರ ಮೇಲಿನ ಸಾಲು ಕಂಡಿತು. ಒಂದೇ ನಂಬರನ್ನು ಎರಡು ಸಲ ಬರೆದಿದ್ದಾಳೆ ಅಂದುಕೊಂಡೆ. ಮತ್ತೆ ನೋಡಿದೆ. ಕೊನೆಯ ಅಂಕೆ ಬೇರೆ. ನಮ್ಮದು ನಾಲ್ಕು. ಇದು ಐದು.

ಆರೂ ಕಾಲು. ಬಂದಾಗ ಇಪ್ಪತ್ತೆರಡು. ಹೋಗುವಾಗ ಐವತ್ತೆರಡು.

ಒಂದೇ ದಿನ ನೋಂದಣಿಯಾದ ಎರಡು ಕಾರು. ಐದು ಎಂದು ಮುಗಿಯುವ ಕಾರನ್ನು ಬೆಳಗಿನಿಂದ ನಾನೇ ಓಡಿಸುತ್ತಿದ್ದೆ.

"ಇದು ಯಾರದು ಅಕ್ಕ?"

"ಅಣ್ಣಂದು. ಪರ್ಸೆಂಟ್ ಅಣ್ಣಂದು. ಅವರೇ ಅಲ್ವಾ ಆಟ ಕಟ್ಟಿದ್ದು? ನಿಮಗೆ ಮನೇಲಿ ಹೇಳಿಲ್ವಾ?"

"ಪೂರ್ತಿ ಹೇಳಿಲ್ಲ. ನೀವು ಹೇಳಿ."

ಅವಳು ತೇಪೆಯನ್ನು ಪಕ್ಕಕ್ಕಿಟ್ಟಳು. ಕತೆ ಹೇಳುವ ಉತ್ಸಾಹ ಅವಳ ಭುಜಕ್ಕೆ ಬಂತು.

"ಬೆಳಕು ಹರಿಯೋ ಹೊತ್ತಿಗೆ ಬಂದ್ರು ನೋಡಿ ಅವರು. ಸ್ವಲ್ಪ ಚಾರ್ಜ್ ಮಾಡ್ಕೊಂಡ್ರು. ಆಮೇಲೆ ಹೇಳಿದ್ರು, ಅಕ್ಕ, ಈಗ ನನ್ನ ತಮ್ಮ ಬರ್ತಾನೆ, ಅವನಿಗೆ ಪರ್ಸೆಂಟ್ ಹುಚ್ಚು, ಒಂದು ಆಟ ಆಡಿಸ್ಬೇಕು. ಅವನ ಚಾರ್ಜ್ ಮುಗಿದ ತಕ್ಷಣ ನೀವು ಮೇನ್ ಆಫ್ ಮಾಡ್ಬಿಡಿ. ಆ ಆರು ಕಿಲೋಮೀಟರ್ ದೂರದ ಸ್ಟೇಷನ್ನೂ ಸೇರಿ ಈ ಲೈನಿಗೆಲ್ಲ ಕರೆಂಟ್ ಹೋಗಿದೆ ಅನ್ನಿ, ಸಂಜೆಯವರೆಗೂ ಬರಲ್ಲ ಅನ್ನಿ. ನಾನು ಚಾರ್ಜ್ ಖಾಲಿಯಾದವನ ಥರ ಬರ್ತೀನಿ. ಅವನ ಮುಖ ನೋಡ್ಬೇಕು, ಅಂತ. ಅಣ್ಣ ತಮ್ಮಂದಿರ ಚೇಷ್ಟೆ, ನನಗೇನು? ಮಾಡ್ದೆ."

"ಮೇನ್ ಆಫ್ ಮಾಡಿದ್ರಿ."

"ಮಾಡ್ದೆ. ಅಣ್ಣ ಗಾಡಿ ತಗೊಂಡು ಹೋಗಿ ಟೈರ್ ರಾಶಿ ಹಿಂದೆ ನಿಲ್ಲಿಸಿಕೊಂಡಿದ್ರು. ಇವರ ಚಾರ್ಜ್ ಮುಗೀತು, ದಾರ ಕಟ್ಟಿದ್ರು, ಇನ್ನೇನು ಹೊರಡ್ಬೇಕು, ಅಣ್ಣ ಬಂದ್ರು. ಕುಂಟುತ್ತಾ ಬರೋ ಎತ್ತಿನ ಥರ ನಿಧಾನಕ್ಕೆ. ಆರೇ ಆರು ಪರ್ಸೆಂಟ್ ಇದೆ, ಪರದೆ ಬೇರೆ ಕೆಟ್ಟೋಗಿದೆ ಅಂದ್ರು. ನನಗೆ ನಗು ತಡೆಯೋಕಾಗ್ದೆ ಒಳಗೆ ಬಂದೆ."

"ಇವರು ಏನು ಮಾಡಿದ್ರು?"

"ಇವರು ನಗಲಿಲ್ಲ. ಡಿಕ್ಕಿ ತೆಗೆದು ಒಂದು ಕೇಬಲ್ ತಂದ್ರು. ಇವರ ಗಾಡಿಯಿಂದ ಆ ಗಾಡಿಗೆ ಕರೆಂಟ್ ಹೋಗುತ್ತಂತೆ. ಜೀವಮಾನದಲ್ಲಿ ನೋಡಿರಲಿಲ್ಲ ನಾನು. ಒಂದು ಹಸು ಇನ್ನೊಂದು ಹಸುವಿಗೆ ಹಾಲು ಕೊಟ್ಟ ಹಾಗೆ."

ಆ ಕೇಬಲ್ ನನಗೆ ಗೊತ್ತು. ಬಲು ನಿಧಾನ. ಗಂಟೆಗೆ ಐದು ಪರ್ಸೆಂಟ್.

"ಹತ್ತು ನಿಮಿಷಕ್ಕೆ ಆಟ ಮುಗೀಬೇಕಿತ್ತು," ಅವಳು ಮುಂದುವರಿಸಿದಳು. "ಮುಗೀಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅಂತ ಅಣ್ಣ ಸನ್ನೆ ಮಾಡಿದ್ರು, ಮೇನ್ ಹಾಗೇ ಬಿಟ್ಟೆ. ನನಗೆ ಲಾರಿ ಟೈರಿನ ಕೆಲಸ ಬಂತು, ಹೋದೆ. ವಾಪಸ್ ಬಂದಾಗ್ಲೂ ಇಬ್ಬರೂ ಅಣ್ಣನ ಗಾಡೀಲಿ ಕೂತಿದ್ರು. ಮಧ್ಯಾಹ್ನ ಟೀ ಕೊಡೋಕೆ ಹೋದ್ರೆ ಇವರು ಯಾವುದೋ ಕಾಗದಕ್ಕೆ ಸಹಿ ಹಾಕ್ತಿದ್ರು. ಕಣ್ಣು ಕೆಂಪಗಾಗಿತ್ತು. ಟೀ ಬೇಡ ಅಂದ್ರು."

"ಏನು ಕಾಗದ?"

"ನನ್ನನ್ನ ಕೇಳಿದ್ರೆ? ಮನೆ ಪಾಲು ಅಂತೇನೋ ಕಿವಿಗೆ ಬಿತ್ತು. ಅಣ್ಣ ಮಡಚಿ ಜೇಬಿಗೆ ಹಾಕ್ಕೊಂಡ್ರು. ಮನೇಲಿ ಹೇಳ್ಬೇಡ, ಸುಮ್ನೆ ಗಾಬರಿಯಾಗ್ತಾಳೆ ಅನ್ನೋದು ಕೇಳಿಸ್ತು. ನಿಮ್ಮ ವಿಷಯನೇ ಇರ್ಬೇಕು."

ಬೆಳಿಗ್ಗೆ ಒಂಬತ್ತೂವರೆಗೆ ನನಗೊಂದು ಸಂದೇಶ ಬಂದಿತ್ತು. ತಡ ಆಗುತ್ತೆ, ಬಂದು ಹೇಳ್ತೀನಿ. ನಾನು ಸರಿ ಎಂದು ಕಳಿಸಿದ್ದೆ. ಅವನಿಗೆ ನಾನು ಹೇಳಿದ ಕೊನೆಯ ಮಾತು ಅದು.

"ಎಷ್ಟಕ್ಕೆ ಹೊರಟ್ರು?"

"ನಾಲ್ಕು ಗಂಟೆಗೆ. ಅಣ್ಣ ಆ ಕಡೆ, ಇವರು ಈ ಕಡೆ. ವಕೀಲರು ರಾತ್ರಿವರೆಗೂ ಕಾಯ್ತಾರೆ, ಕತ್ತಲಾಗೋದ್ರೊಳಗೆ ಗುಡ್ಡ ದಾಟ್ಬೇಕು ಅಂದ್ರು ಇವರು. ನನ್ನ ಕೈಲಿ ತಡೆಯೋಕಾಗ್ಲಿಲ್ಲ, ಕೇಳೇಬಿಟ್ಟೆ, ನಿಮಗೆ ಸಾಕಾಗುತ್ತಾ ಅಂತ. ನಲವತ್ತೇಳಿದೆ ಅಕ್ಕ, ನೆತ್ತಿಗೆ ನಲವತ್ತೇಳೇ ಬೇಕು, ಹತ್ತಿಬಿಟ್ರೆ ಆಮೇಲೆ ಇಳಿಜಾರು ಅಂದ್ರು. ಲೆಕ್ಕ ಬಾಯಲ್ಲೇ ಇತ್ತು ಅವರಿಗೆ."

ಎಂಬತ್ತೆಂಟರಲ್ಲಿ ನಲವತ್ತೊಂದು ಹೋದರೆ ನಲವತ್ತೇಳು. ಲೆಕ್ಕ ಸರಿಯಿತ್ತು. ಮಂಜಿಗೆ ಹಾಕಿದ ದೀಪವೋ, ಗಾಜಿನ ಮೇಲೆ ಬಿಟ್ಟ ಬಿಸಿಗಾಳಿಯೋ ಕೊನೆಯ ನಾನೂರು ಮೀಟರನ್ನು ತಿಂದಿತ್ತು.

ಇನ್ನೊಂದು ಲೆಕ್ಕ ನಾನೇ ಹಾಕಿದೆ. ಐವತ್ತೆರಡಿದ್ದರೆ ಇಲ್ಲಿಂದ ನಮ್ಮ ಮನೆಗೆ ಹೋಗುವಾಗ ದಾರಿಯಲ್ಲಿ ಒಮ್ಮೆ ನಿಲ್ಲಲೇಬೇಕು. ನಿಂತರೆ ಆ ಸ್ಟೇಷನ್ನಿನ ಕಂಪ್ಯೂಟರಿನಲ್ಲಿ ನಂಬರು ಉಳಿಯುತ್ತದೆ. ಐವತ್ತೆರಡಕ್ಕೆ ಇನ್ನೊಂದು ನಲವತ್ತು ಸೇರಿದರೆ ಎಲ್ಲೂ ನಿಲ್ಲಬೇಕಾಗಿಲ್ಲ. ಆ ದಿನ ಭಾವ, ಕಾರು ಸರ್ವೀಸಿಗೆ ಕೊಟ್ಟಿದ್ದೇನೆ ಎಂದು ಹಿಂದಿನ ರಾತ್ರಿಯೇ ಹೇಳಿ, ನಡುನೋವೆಂದು ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದರು. ಎಂಟು ಗಂಟೆಗೆ ಪೊಲೀಸರ ಫೋನ್ ಬಂದಾಗ ನಾನು ಮೆಟ್ಟಿಲ ಕೆಳಗಿನಿಂದ ಕೂಗಿದೆ. ಅವರು ಇಳಿದು ಬಂದರು, ಚಪ್ಪಲಿ ಹಾಕಿಕೊಂಡೇ.

"ಅಕ್ಕ," ಎಂದೆ. "ಅವರಿಲ್ಲ."

"ಎಲ್ಲಿಗೆ ಹೋಗಿದಾರೆ?"

"ಆವತ್ತೇ ಹೋದ್ರು. ಗುಡ್ಡದ ತಿರುವಲ್ಲಿ ಚಾರ್ಜ್ ಮುಗಿದು ಕಾರು ನಿಂತಿತು. ಲಾರಿ."

ಅವಳ ಮುಖದಲ್ಲಿ ನಗು ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು, ತೆಗೆಯಲು ಮರೆತ ಹಾಗೆ. ಆಮೇಲೆ ಕೈ ಒರೆಸಿಕೊಳ್ಳತೊಡಗಿದಳು. ಒರೆಸುತ್ತಲೇ ಇದ್ದಳು.

"ಮರಳಿನ ಲಾರೀದು? ಅದು ಇವರಾ?"

"ಹೌದು."

"ನಾನು ತಮಾಷೆಗೆ ಮಾಡಿದ್ದು ತಂಗಿ."

"ಗೊತ್ತು."

"ಕೈಯಾರೆ ಮೇನ್ ಇಳಿಸ್ದೆನಲ್ಲ."

"ಅಕ್ಕ, ಈ ಪುಟ ನನಗೆ ಬೇಕು. ಬೇರೇನೂ ಬೇಡ."

ಅವಳು ರಿಜಿಸ್ಟರನ್ನು ಮುಚ್ಚಿ ಎದೆಗೆ ಒತ್ತಿಕೊಂಡಳು. "ಇದನ್ನ ಕೊಟ್ರೆ ಪೊಲೀಸ್ರು ಇಲ್ಲಿಗೇ ಬರ್ತಾರೆ. ಕರೆಂಟ್ ಇದ್ದೂ ಇಲ್ಲ ಅಂದವಳು ಯಾರು ಅಂತ ಕೇಳ್ತಾರೆ. ನನಗೆ ಹಿಂದೆ ಮುಂದೆ ಯಾರೂ ಇಲ್ಲ. ಈ ಯಂತ್ರ, ಈ ತೊಟ್ಟಿ, ಇಷ್ಟೇ."

"ನನಗೂ ಅಷ್ಟೇ," ಎಂದೆ. ಹಟ ಮಾಡಲು, ಕಾಲು ಹಿಡಿಯಲು, ಕಿತ್ತುಕೊಳ್ಳಲು ಬೇರೆ ಯಾರಾದರೂ ಬರಬೇಕಿತ್ತು. ನಾನು ಟೈರಿನ ಮೇಲೆ ಕೂತೇ ಇದ್ದೆ.

ಅವಳು ಕಿಟಕಿಯತ್ತ ನೋಡಿದಳು. ನೋಡಿ, ಅಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಯಂತ್ರದ ಹತ್ರ ನಿಂತಿರೋದು ಯಾರು?" ದನಿ ಇಳಿದಿತ್ತು. "ತಂಗಿ, ಅವರ ಜೊತೆ ಯಾಕೆ ಬಂದೆ ನೀನು?"

*

ನಾನು ಹೊರಗೆ ಬಂದಾಗ ಭಾವ ಪ್ಲಗ್ ತೆಗೆದು, ಯಂತ್ರಕ್ಕೆ ಪ್ಲಾಸ್ಟಿಕ್ ಹೊದಿಸಿ, ದಾರ ಕಟ್ಟುತ್ತಿದ್ದರು. ಕಿವಿಗೂ ಭುಜಕ್ಕೂ ನಡುವೆ ಮೊಬೈಲ್.

"ಬಂದ್ಲು, ಕೊಡ್ತೀನಿ," ಎಂದು ಅದನ್ನು ನನ್ನತ್ತ ಚಾಚಿದರು. "ಸಾಹೇಬ್ರು. ಏನು ಸಿಕ್ತು ಅಂತ ನೀನೇ ಹೇಳಿಬಿಡು."

ಕೈಯಳತೆಯ ದೂರದಲ್ಲಿ ನಿಂತಿದ್ದರು. ನಾನು ಮೊಬೈಲ್ ತೆಗೆದುಕೊಂಡೆ.

"ಸಾರ್, ನಾಳೆ ಕಾರು ಕಳಿಸಬೇಡಿ," ಎಂದೆ. "ಇನ್ನೊಂದು ದಿನ ಕೊಡಿ."

ಆ ಕಡೆ ಕಾಗದ ಸರಿಸುವ ಸದ್ದು. "ನಾಳೆ ಏನಿದೆಯಮ್ಮ? ನಿಮ್ಮ ಭಾವನವರು ನಿನ್ನೆ ಸಾಯಂಕಾಲವೇ ಬಂದು ಸಹಿ ಹಾಕಿದ್ರಲ್ಲ. ಬೇಗ ಮುಗಿಸಿ, ಹುಡುಗಿ ಕಣ್ಣಿಗೆ ಬೀಳೋದು ಬೇಡ ಅಂದ್ರು. ಇವತ್ತು ಬೆಳಿಗ್ಗೆ ಹತ್ತಕ್ಕೆ ಒಡೆದು ಆಯ್ತು. ನಿಮಗೆ ಹೇಳಿಲ್ವಾ?"

ಬೆಳಿಗ್ಗೆ ಹತ್ತಕ್ಕೆ ನಾನು ಏರುರಸ್ತೆಯಲ್ಲಿದ್ದೆ. ಒಂದೊಂದೇ ಪರ್ಸೆಂಟ್ ಇಳಿಯುವುದನ್ನು ಪ್ಲಾನಿನ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಭಾವ ನಿಧಾನಕ್ಕೆ ಓಡಿಸು ಎನ್ನುತ್ತಿದ್ದರು.

"ಹೇಳಿದ್ರು," ಎಂದೆ. "ಮರೆತಿದ್ದೆ."

ಮೊಬೈಲ್ ಹಿಂತಿರುಗಿಸಿದೆ. ಪೆಟ್ಟಿಗೆ ಇಲ್ಲ. ಇನ್ನು ಈ ಲೋಕದಲ್ಲಿ ಅವನ ಆ ದಿನ ಉಳಿದಿರುವುದು ಒಂದು ರಿಜಿಸ್ಟರಿನಲ್ಲಿ ಮಾತ್ರ. ಅದೂ ಹೆದರಿದ ಹೆಂಗಸೊಬ್ಬಳ ಎದೆಗವಚಿಕೊಂಡು ಒಳಗಿದೆ.

"ಏನಂದ್ಲು ಅಂಗಡಿಯವಳು?"

"ನೆನಪಿಲ್ವಂತೆ."

"ನಾನು ಹೇಳಲಿಲ್ವಾ." ಅವರು ನನಗಾಗಿ ಎಡಗಡೆಯ ಬಾಗಿಲು ತೆರೆದರು. "ನೀನು ಸುಸ್ತಾಗಿದೀಯ. ನಾನು ಓಡಿಸ್ತೀನಿ."

ಕೂತೆ. ಮನೆಗೆ ಇನ್ನೂರ ಹತ್ತು ಕಿಲೋಮೀಟರ್. ಬೇರೆ ಬಸ್ಸಿಲ್ಲ, ಬೇರೆ ಗಾಡಿಯಿಲ್ಲ, ಮನೆ ಎಂದರೂ ಅವರದೇ ಮನೆ. ಕಾರು ಅಂಗಳ ದಾಟಿ ರಸ್ತೆಗೆ ಬಂತು. ಬಾಗಿಲುಗಳು ತಾವೇ ಬೀಗ ಹಾಕಿಕೊಂಡವು.

ಪಕ್ಕದ ಕನ್ನಡಿಯಲ್ಲಿ ಏನೋ ಅಲುಗಾಡಿತು.

ಟೈರಕ್ಕ. ಅಂಗಳದಿಂದ ಓಡಿ ಬರುತ್ತಿದ್ದಳು, ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದಿತ್ತು. ಮೇಲೆತ್ತಿದ ಕೈಯಲ್ಲಿ ರಿಜಿಸ್ಟರು. ನನ್ನ ಕಡೆಗೇ ಬೀಸುತ್ತಿದ್ದಳು, ನಿಲ್ಲಿಸು ಎಂಬಂತೆ.

ಭಾವನೂ ಕನ್ನಡಿ ನೋಡಿದರು.

ಕಾರು ನಿಂತಿತು. ಅವಳು ಓಡುವುದನ್ನು ಬಿಟ್ಟು, ಮೊಣಕಾಲಿನ ಮೇಲೆ ಕೈಯೂರಿ, ರಸ್ತೆಯ ನಡುವೆ ಉಸಿರು ತೆಗೆದುಕೊಳ್ಳತೊಡಗಿದಳು. ತಲೆ ತಗ್ಗಿಸಿದ್ದಳು.

"ನೆನಪಿಲ್ಲ ಅಂದ್ಲು ಅಂದೆಯಲ್ಲಮ್ಮ," ಎಂದರು ಭಾವ ಮೆಲ್ಲಗೆ.

ಅವರ ಕೈ ಗೇರಿನ ಗುಂಡಿಯನ್ನು ರಿವರ್ಸಿಗೆ ತಿರುಗಿಸಿತು. ನಾನು ಬಾಗಿಲಿನ ಹಿಡಿ ಎಳೆದೆ. ಅದು ತೆರೆಯಲಿಲ್ಲ. ಗಾಜು ಬಡಿದೆ. ಎಂಜಿನ್ನಿನ ಸದ್ದೇ ಇಲ್ಲದ ಆ ಕಾರು, ತಲೆ ತಗ್ಗಿಸಿ ನಿಂತಿದ್ದ ಅವಳ ಕಡೆಗೆ, ಹಿಂದಕ್ಕೆ ಜಾರತೊಡಗಿತು.